ಸಮ್ ದಾಟಿದ ಮೇಲೆ ತೆಗೆದ ಫೋಟೋ

ಮೊನ್ನೆ ಮಗಳು ಅಡಿಗೆಮನೆಯಲ್ಲಿ ವಿನೆಗರ್ ಬಾಟಲಿ ತೆಗೆದಳು. ಈರುಳ್ಳಿಯನ್ನು ಅದರಲ್ಲಿ ನೆನೆಹಾಕಿ ತಿನ್ನುವುದಂತೆ, ಹೋಟೆಲಿನವರು ರೊಟ್ಟಿಯ ಜೊತೆ ಕೊಡುತ್ತಾರಲ್ಲ, ಹಾಗೆ. ಮುಚ್ಚಳ ತಿರುಗಿಸಿದ್ದೇ ತಡ, ಆ ಹುಳಿ ವಾಸನೆ ಬಂದು ಮೂಗಿಗೆ ಹೊಡೆಯಿತು. ನಾನು ಕೈಯಲ್ಲಿದ್ದ ಸೌತೆಕಾಯಿಯನ್ನು ಹಾಗೇ ಹಿಡಿದುಕೊಂಡು, "ಬಾಗಲಾ ಹಾಕಬೇ, ಬೆಳಕ ಬೀಳತೈತಿ" ಎಂದುಬಿಟ್ಟೆ. ಮಗಳು ನನ್ನನ್ನು ನೋಡಿದಳು, ಬಾಗಿಲನ್ನು ನೋಡಿದಳು, ಆಮೇಲೆ ಸಾವಕಾಶ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಅವಳಿಗೆ ಹೇಳಿ ತಿಳಿಸುವುದು ಕಷ್ಟ. ನಿಮಗಾದರೂ ಹೇಳುತ್ತೇನೆ, ಬಿಡುವಾಗಿ ಕೂತು ಕೇಳಿ. ಕುಂದಗೋಳದ ನನ್ನ ಅತ್ತೆಮನೆಯಲ್ಲಿ ಜೋಳದ ಚೀಲ ಇಡುವ ಒಂದು ಕೋಣೆಯಿತ್ತು. ಕಿಟಕಿಯಿಲ್ಲದ್ದು. ಮಾವನವರು ಅದನ್ನೇ ಫೋಟೋ ತೊಳೆಯುವ ಕತ್ತಲೆ ಕೋಣೆ ಮಾಡಿಕೊಂಡಿದ್ದರು. ಒಂದು ಮೂಲೆಯಲ್ಲಿ ಜೋಳ, ಇನ್ನೊಂದು ಮೂಲೆಯಲ್ಲಿ ಕೆಂಪು ಬಲ್ಬು, ನಡುವೆ ಮೂರು ಪಿಂಗಾಣಿ ತಟ್ಟೆ. ನಡುವಿನ ತಟ್ಟೆಯಲ್ಲಿದ್ದ ದ್ರಾವಣದ ವಾಸನೆಯೇ ಈ ವಿನೆಗರಿನದು. ಮದುವೆಯಾಗಿ ಬಂದ ಹೊಸತರಲ್ಲಿ, ಈ ಮನೆಯವರು ಉಪ್ಪಿನಕಾಯಿ ಹಾಕಿ ಕೆಡಿಸಿಕೊಂಡಿದ್ದಾರೆ ಎಂದೇ ನಾನು ತಿಳಿದಿದ್ದೆ. ಹೊಸ ಸೊಸೆ, ಕೇಳಲು ನಾಚಿಕೆ. ಎಷ್ಟೋ ದಿನ ಊಟಕ್ಕೆ ಕೂತಾಗ ಉಪ್ಪಿನಕಾಯಿ ಬೇಡ ಎನ್ನುತ್ತಿದ್ದೆ. ಅತ್ತೆಗೆ ಪಾಪ ಬೇಜಾರಾಗುತ್ತಿತ್ತು.

ಇದು ಎಂಬತ್ತರ ದಶಕದ ಮಾತು. ಬಜಾರಿನ ರಸ್ತೆಗೆ ಮುಖ ಮಾಡಿದ ನಮ್ಮ ಮುಂದಿನ ಕೋಣೆಯೇ ಸ್ಟುಡಿಯೋ. ಗೋಡೆಗೆ ಅರಮನೆಯ ಮೆಟ್ಟಿಲು ಬರೆದ ಪರದೆ, ಮುಂದೊಂದು ಕಾಲು ಸಣ್ಣದಾದ ಸ್ಟೂಲು. ಕುಬಿಹಾಳದ ರೈತರು ಸಂತೆಗೆ ಬಂದಾಗ ಆ ಅರಮನೆಯ ಮುಂದೆ ಕೂತು, ಉಸಿರು ಬಿಗಿಹಿಡಿದು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಮನೆ ನಡೆಯುತ್ತಿದ್ದದ್ದು ಆ ಫೋಟೋಗಳಿಂದ, ಮತ್ತೆ ಕುಬಿಹಾಳದ ಶಾಲೆಯಲ್ಲಿ ಮಾಸ್ತರಾಗಿದ್ದ ನನ್ನ ಗಂಡನ ಪಗಾರದಿಂದ. ಆದರೆ ಮಾವನವರ ಜೀವ ಇದ್ದದ್ದು ಬೇರೆ ಕಡೆ. ಊರಿನಲ್ಲಿ ವರ್ಷಕ್ಕೆ ಕೆಲವು ಸಲ ಹಿಂದೂಸ್ತಾನಿ ಸಂಗೀತದ ಬೈಠಕ್ಕು ನಡೆಯುತ್ತಿತ್ತು. ಒಂದು ದೊಡ್ಡ ವಾಡೆಯ ಪಡಸಾಲೆ, ಜಮಖಾನೆ, ಬಿಳಿ ಚಾದರ ಹಾಸಿದ ಗದ್ದುಗೆ. ಹತ್ತಿ ಬಿಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿ ಬಂದವರು, ವಕೀಲರು, ಅರಿವೆ ಅಂಗಡಿಯವರು ಎಲ್ಲ ಒಟ್ಟಿಗೆ ನೆಲದ ಮೇಲೆ ಕೂತು ಕೇಳುವರು. ಅದರ ಫೋಟೋ ತೆಗೆಯುವವರು ನಮ್ಮ ಮಾವನವರು.

ಫೋಟೋ ತೆಗೆಯುವವರಿಗೆ ಅಲ್ಲಿ ಒಂದು ಜಾಗ ಮೀಸಲು. ಗದ್ದುಗೆಯ ಬುಡದಲ್ಲಿ, ತಬಲಾದವನ ಎದುರಿಗೆ, ಒಂದು ಕಂಬಕ್ಕೆ ಬೆನ್ನು ಕೊಟ್ಟು ಕೂರುವಂಥ ಜಾಗ. ಹಾಡುವವರು ಉಸಿರು ಎಳೆದುಕೊಳ್ಳುವುದೂ ಅಲ್ಲಿ ಕೇಳುತ್ತದೆ. ಮಾವನವರು ಊರಿನ ಶ್ರೀಮಂತರಲ್ಲ, ಬೈಠಕ್ಕು ನಡೆಸುವ ಮಂಡಳಿಯ ಸದಸ್ಯರಲ್ಲ, ಕ್ಯಾಮೆರಾ ಇಲ್ಲದಿದ್ದರೆ ಹಿಂದೆ ಚಪ್ಪಲಿ ಬಿಡುವ ಕಡೆ ಕೂತು ತಲೆಗಳ ಸಂದಿಯಿಂದ ಕೇಳಬೇಕಾದವರು. ಅತ್ತೆ ನನಗೆ ಮೊದಲ ವಾರವೇ ಗುಟ್ಟು ಹೇಳಿದ್ದರು. ಈ ಮನುಷ್ಯ ಕ್ಯಾಮೆರಾ ಕಲಿತದ್ದೇ ಆ ಕಂಬದ ಆಸೆಗೆ, ಫೋಟೋದ ಆಸೆಗಲ್ಲ ಎಂದು.

ನನಗೋ ಸಂಗೀತದ ಗಂಧಗಾಳಿ ಇರಲಿಲ್ಲ. ನನ್ನ ತವರು ಕಲಘಟಗಿ ತಾಲೂಕಿನ ತಂಬೂರ. ಊರಿನ ಹೆಸರು ಕೇಳಿಯೇ ಮಾವನವರು ಖುಷಿಯಾಗಿ ಹೆಣ್ಣು ನೋಡಲು ಬಂದದ್ದು ಎಂದು ನನ್ನ ಗಂಡ ಇಂದಿಗೂ ಕಾಡಿಸುತ್ತಾರೆ. ಬರುವಾಗ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡೇ ಬಂದಿದ್ದರು. ನನ್ನನ್ನು ಬಣವೆಯ ಮುಂದೆ ನಿಲ್ಲಿಸಿ ಫೋಟೋ ಹೊಡೆದರು. ಎರಡು ವಾರ ಸುದ್ದಿಯೇ ಇಲ್ಲ. ನಮ್ಮವ್ವ ಹುಡುಗಿ ಮನಸ್ಸಿಗೆ ಬರಲಿಲ್ಲ ಎಂದು ಕಣ್ಣೊರೆಸಿಕೊಂಡಳು. ಆಮೇಲೆ ತಿಳಿಯಿತು, ಇವರ ಫೋಟೋ ಇನ್ನೂ ತೊಳೆದಾಗಿರಲಿಲ್ಲ. ಅಷ್ಟು ನಿಧಾನದ ಮನುಷ್ಯ. ತಂಬೂರದವಳಿಗೆ ಸುರ ಗೊತ್ತಿಲ್ಲ ಎಂದು ತಿಳಿದಾಗ ಅವರು ಬೇಜಾರೇನೂ ಮಾಡಿಕೊಳ್ಳಲಿಲ್ಲ. ಪಾತ್ರೆ ತಿಕ್ಕಲು ಬರುವವಳಿಗೆ ಫೋಟೋ ತೊಳೆಯಲು ಬಂದೇ ಬರುತ್ತದೆ ಎಂದು ಹೇಳಿ ಕತ್ತಲೆ ಕೋಣೆಗೆ ಕರೆದುಕೊಂಡರು. ನನಗೂ ಅದು ಹಿಡಿಸಿತು. ಅಡಿಗೆಮನೆಗಿಂತ ಅಲ್ಲಿ ತಂಪು ಹೆಚ್ಚು, ಮತ್ತೆ ಬಾಗಿಲು ತೆಗೆಯುವ ಹಾಗಿಲ್ಲವಾದ್ದರಿಂದ ಯಾರೂ ಕರೆಯುತ್ತಿರಲಿಲ್ಲ.

ತೊಳೆಯುವುದು ನಿಜಕ್ಕೂ ದೊಡ್ಡ ಮಾತಾಗಿರಲಿಲ್ಲ. ಯಾವುದು ಇರಲಿ, ಯಾವುದು ಬೇಡ ಎಂದು ಆರಿಸುವುದಿತ್ತಲ್ಲ, ಅದೇ ರೋಗ. ಬೈಠಕ್ಕು ಮುಗಿದ ಮರುದಿನದಿಂದ ಮಾವನವರು ಫಿಲ್ಮಿನ ಪಟ್ಟಿಗಳನ್ನು ಹಿಡಿದು ಪಡಸಾಲೆಯ ಬೆಳಕಿಗೆ ಕೂರುವರು. ಒಂದೊಂದು ಚೌಕವನ್ನೂ ಕಣ್ಣಿಗೆ ಹತ್ತಿರ ತರುವರು, ದೂರ ಒಯ್ಯುವರು, ಗುನುಗುವರು. ಹೆಚ್ಚಿನವು ಕೆಟ್ಟಿರುತ್ತಿದ್ದವು. ಹಾಡುವವರ ಮುಖ ಇರಬೇಕಾದಲ್ಲಿ ಹೊಗೆ ಎದ್ದ ಹಾಗೆ ಒಂದು ಮಬ್ಬು. ನಾನು ಇದನ್ನು ಬಿಡೋಣ ಎಂದರೆ ಅವರಿಗೆ ಎದೆ ಹಿಂಡಿದ ಹಾಗಾಗುವುದು. ಇದು ಇಂಥ ತಾನ್ ಹಾಡಿ ಮುಗಿಸಿ ಕೆಳಗಿಳಿದಾಗಿನದು, ಇದನ್ನು ಹೇಗೆ ಬಿಡಲಿ ಎನ್ನುವರು. ಫೋಟೋ ಕೆಟ್ಟಿದೆ ಎಂದರೆ ಹಾಡು ಚೆನ್ನಾಗಿತ್ತು ಎನ್ನುವರು. ಹೀಗಾಗಿ ಕೆಟ್ಟದ್ದೂ ಒಳ್ಳೆಯದೂ ಎಲ್ಲವನ್ನೂ ಕಾಗದಕ್ಕೆ ಇಳಿಸಬೇಕು. ಇಳಿಸಿದ ಮೇಲೆ ಸಣ್ಣ ಕುಂಚ, ಪೆನ್ಸಿಲು ಹಿಡಿದು ಮಬ್ಬಾದ ಹುಬ್ಬನ್ನು ತಿದ್ದಬೇಕು, ಕಣ್ಣಿಗೆ ಹೊಳಪು ಕೊಡಬೇಕು. ನಮ್ಮ ಕಡೆಯ ಎರೆಮಣ್ಣಿನ ಧೂಳು ಗೊತ್ತಲ್ಲ, ಅದು ಒದ್ದೆ ಫಿಲ್ಮಿನ ಮೇಲೆ ಕೂತಿತೆಂದರೆ ಫೋಟೋದಲ್ಲಿ ಬಿಳಿ ಚುಕ್ಕೆಯಾಗಿ ಏಳುವುದು. ಹೆಸರಾಂತ ಗವಾಯಿಗಳೂ ನಮ್ಮ ಫೋಟೋದಲ್ಲಿ ಗೊಬ್ಬರ, ಅಂದರೆ ದಡಾರ, ಎದ್ದವರಂತೆ ಕಾಣುವರು. ಆ ಚುಕ್ಕೆಗಳನ್ನು ಮುಚ್ಚಲು ಇನ್ನೊಂದು ವಾರ. ಹಾಡಿದವರು ಊರು ಮುಟ್ಟಿ, ಉಂಡು, ಇನ್ನೊಂದೂರಲ್ಲಿ ಹಾಡಿ ಬಂದರೂ ಇವರ ಫೋಟೋ ನೀರಿನಲ್ಲೇ ಇರುತ್ತದೆ ಎಂದು ಅತ್ತೆ ಆಡಿಕೊಳ್ಳುತ್ತಿದ್ದರು.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಒಂದು ವರ್ಷ ಚಳಿಗಾಲದ ಮೊದಲಿಗೆ ಮಂಡಳಿಯ ಸೆಕ್ರೆಟರಿ ಗುರುಸಿದ್ದಪ್ಪನವರು ಮನೆಗೆ ಬಂದರು. ಬಜಾರಿನಲ್ಲಿ ಅರಿವೆ ಅಂಗಡಿ ಇಟ್ಟವರು, ಒಳ್ಳೆಯವರು, ಮಾವನವರ ಓರಗೆಯವರು. ಚಹಾ ಕುಡಿದು ಮುಗಿಸಿದ ಮೇಲೂ ಬಸಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತದ್ದು ನೋಡಿಯೇ ಏನೋ ಬಿರುಸು ಮಾತಿದೆ ಎಂದು ನನಗೆ ಗೊತ್ತಾಯಿತು. ಹುಬ್ಬಳ್ಳಿಯಲ್ಲಿ ಒಂದು ಕಲರ್ ಸ್ಟುಡಿಯೋ ಆಗಿದೆ, ಫ್ಲ್ಯಾಶ್ ಹಾಕಿ ತೆಗೆಯುತ್ತಾರೆ, ಮರುದಿನವೇ ಕೊಡುತ್ತಾರೆ, ಮಂಡಳಿಯ ಹುಡುಗರಿಗೆಲ್ಲ ಅವರೇ ಬೇಕಾಗಿದೆ ಎಂದರು. ಫ್ಲ್ಯಾಶ್ ಎಂದದ್ದೇ ಮಾವನವರ ಮುಖ ಸಣ್ಣದಾಯಿತು. ಹಾಡುವವರ ಕಣ್ಣಿಗೆ ಮಿಂಚು ಹೊಡೆಯುವುದು ಅವರ ಲೆಕ್ಕದಲ್ಲಿ ದೇವರ ಗುಡಿಯಲ್ಲಿ ಸೀಟಿ ಹೊಡೆದಂತೆ.

ಗುರುಸಿದ್ದಪ್ಪನವರು ಆಗ ಒಂದು ದಾರಿ ಬಿಟ್ಟುಕೊಟ್ಟರು. ಆ ಸಲ ಒಬ್ಬರು ಹಿರಿಯ ಗಾಯಕಿ ಬರುವವರಿದ್ದರು. ಎಲ್ಲರೂ ಅವರನ್ನು ಬಾಯಾರು ಎಂದೇ ಕರೆಯುತ್ತಿದ್ದರು. ಭಾನುವಾರ ಬೆಳಗಿನ ಬೈಠಕ್ಕು, ಮಧ್ಯಾಹ್ನದ ರೈಲುಗಾಡಿಗೆ ವಾಪಸು.

"ಬಾಯಾರು ಗಾಡಿ ಹತ್ತೂದರೊಳಗ ಒಂದ ಫೋಟೋ ಅವರ ಕೈಯಾಗ ಇರಬೇಕ್ರಿ. ಒಂದ ಸಾಕು. ಅಷ್ಟ ಮಾಡಿ ಕೊಟ್ರಂದ್ರ ಹುಡುಗೋರ ಬಾಯಿ ನಾ ಮುಚ್ಚಸ್ತೀನಿ. ಇಲ್ಲಾಂದ್ರ ಮುಂದಿನ ಸಲದಿಂದ ಆ ಕಂಬದ ಬುಡಕ ಹುಬ್ಬಳ್ಳ್ಯಾಂವ ಕೂಡ್ತಾನ. ನನ್ನ ಮ್ಯಾಲೆ ಸಿಟ್ಟ ಮಾಡಬ್ಯಾಡ್ರಿ."

ಮಾವನವರು ಸಿಟ್ಟು ಮಾಡಲಿಲ್ಲ. ಆಗಲಿ ಎಂದರು. ಗುರುಸಿದ್ದಪ್ಪನವರು ಹೋದ ಮೇಲೆ ಮುಂದಿನ ಕೋಣೆಗೆ ಹೋಗಿ, ಆ ಬರೆದ ಅರಮನೆಯ ಮುಂದೆ ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರು ಆ ಸ್ಟೂಲಿನ ಮೇಲೆ ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನನಗೆ ತುಂಬ ಸಂಕಟವಾಯಿತು. ತಿಂಗಳಾದರೂ ಮುಗಿಯದ ಕೆಲಸವನ್ನು ಊಟದ ಹೊತ್ತಿನಿಂದ ಗಾಡಿಯ ಹೊತ್ತಿನೊಳಗೆ ಮುಗಿಸುವುದು ಹೇಗೆ, ನೀವೇ ಹೇಳಿ.

ನನ್ನ ಸ್ವಭಾವ ಸುಮ್ಮನೆ ಕೂರುವುದಲ್ಲ. ಕೆಲಸ ತಡವಾದರೆ ಎಲ್ಲಿ ತಡವಾಗುತ್ತಿದೆ ಎಂದು ನೋಡುವವಳು. ಧೂಳಿನಿಂದ ಸುರು ಮಾಡಿದೆ. ಅತ್ತೆ ಜೋಳದ ಚೀಲಗಳನ್ನು ಹಿತ್ತಲ ಕೋಣೆಗೆ ಸಾಗಿಸಿದರು, ನಾನು ನೆಲ ಸಾರಿಸಿ, ಬಾಗಿಲಿಗೆ ಒಂದು ಹಳೆಯ ಇಳಕಲ್ ಸೀರೆಯನ್ನು ಒದ್ದೆ ಮಾಡಿ ಇಳಿಬಿಟ್ಟೆ. ಧೂಳು ಸೀರೆಗೇ ಅಂಟಿಕೊಂಡಿತು, ಫಿಲ್ಮು ಸ್ವಚ್ಛವಾಗಿ ಒಣಗತೊಡಗಿತು. ಬಾಜು ಮನೆಯವರು ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿದಾಗ ಕತ್ತಲಲ್ಲಿ ಸೀನು ಬಂದು ಕೈ ಅಲ್ಲಾಡುತ್ತಿತ್ತು. ಅತ್ತೆ ಹೋಗಿ ಅವರೊಡನೆ ಮಾತಾಡಿ, ಆ ಭಾನುವಾರ ಮೆಣಸಿನಕಾಯಿ ಮುಟ್ಟುವುದಿಲ್ಲ ಎಂದು ಮಾತು ತೆಗೆದುಕೊಂಡು ಬಂದರು. ಹೇಗೆ ಮಾತಾಡಿದರೋ ನನಗೆ ಗೊತ್ತಿಲ್ಲ, ಆ ಮನೆಯವರು ಸ್ವಲ್ಪ ದಿನ ನಮ್ಮೊಡನೆ ಮಾತು ಬಿಟ್ಟಿದ್ದರು. ಫಿಲ್ಮನ್ನು ನಾನೇ ತೊಳೆದು ಇಡುವುದು, ನನ್ನ ಗಂಡ ಸೈಕಲ್ಲಿನಲ್ಲಿ ವಾಡೆಯಿಂದ ರೋಲು ತಂದುಕೊಡುವುದು ಎಂದೂ ಆಯಿತು. ಇಷ್ಟಾದರೂ ಆರಿಸುವ ರೋಗ ಹಾಗೇ ಇತ್ತು.

ಹಾಗಾಗಿ ಒಂದು ಮಧ್ಯಾಹ್ನ ಹಿಂದಿನ ಬೈಠಕ್ಕುಗಳ ಫಿಲ್ಮಿನ ಪಟ್ಟಿಗಳನ್ನೆಲ್ಲ ತೆಗೆದು ಕೂತೆ. ಮಬ್ಬಾದವು ಒಂದು ಕಡೆ, ಚೊಕ್ಕ ಇದ್ದವು ಒಂದು ಕಡೆ. ಮಬ್ಬಿನದು ದೊಡ್ಡ ಗುಡ್ಡೆಯಾಯಿತು. ಚೊಕ್ಕ ಇದ್ದ ಕೆಲವನ್ನು ಮಾವನವರ ಮುಂದೆ ಹಿಡಿದು, ಇದು ಹೇಗೆ ಚೊಲೋ ಬಂತು ಎಂದು ಕೇಳಿದೆ. ಅವರು ನೋಡಿ ಸ್ವಲ್ಪ ನಾಚಿಕೊಂಡರು. ಅದು ತಪ್ಪಿ ಬಂದದ್ದು, ಕೈ ತಡವಾಯಿತು ಎಂದರು. ಇನ್ನೊಂದು ತೋರಿಸಿದೆ. ಅದೂ ಹಾಗೆಯೇ, ಕೆಮ್ಮು ಬಂದಿತ್ತಂತೆ, ಬಟನ್ ಒತ್ತುವುದರೊಳಗೆ ಸಮ್ ದಾಟಿ ಹೋಗಿತ್ತಂತೆ. ಮೂರನೆಯದಕ್ಕೂ ಅದೇ ಮಾತು.

ಸಮ್ ಎಂದರೇನು ಎಂದು ಆಗ ಕೇಳಿದೆ. ನಿಮಗೆ ಗೊತ್ತಿದ್ದರೆ ಗೊತ್ತಿಲ್ಲದವರಿಗಾಗಿ ತಾಳಿಕೊಳ್ಳಿ. ತಾಳ ಒಂದು ಸುತ್ತು ಹೊಡೆದು ಮತ್ತೆ ಮೊದಲ ಪೆಟ್ಟಿಗೆ ಬರುತ್ತದಲ್ಲ, ಆ ಜಾಗ ಸಮ್. ಹಾಡುವವರು ಎಲ್ಲೆಲ್ಲೋ ಸುತ್ತಾಡಿ ಅಲ್ಲಿಗೇ ಬಂದು ಕೂಡಬೇಕು. ಕೂಡಿದ್ದೇ ತಡ, ಹಾಡುವವರ ತಲೆ, ತಬಲಾದವನ ತಲೆ, ಕೇಳುವವರ ತಲೆ ಎಲ್ಲ ಒಮ್ಮೆಲೇ ಕೆಳಗೆ ಬೀಳುತ್ತವೆ, ಸಭೆಯೇ ಆಹಾ ಎನ್ನುತ್ತದೆ. ಮಾವನವರ ಪಾಲಿಗೆ ಬೈಠಕ್ಕಿನಲ್ಲಿ ಅದಕ್ಕಿಂತ ದೊಡ್ಡ ಗಳಿಗೆ ಇಲ್ಲ. ಅದನ್ನೇ ಹಿಡಿಯಬೇಕೆಂದು ಅಷ್ಟೂ ವರ್ಷ ಸರಿಯಾಗಿ ಸಮ್ಮಿಗೇ ಬಟನ್ ಒತ್ತಿದ್ದರು. ಫ್ಲ್ಯಾಶ್ ಹಾಕುವವರಲ್ಲ, ವಾಡೆಯೊಳಗೆ ಬೆಳಕು ಕಡಿಮೆ, ಕ್ಯಾಮೆರಾದ ಕಣ್ಣು ತುಸು ಹೊತ್ತು ತೆರೆದೇ ಇರಬೇಕು. ಆ ತುಸು ಹೊತ್ತಿನಲ್ಲೇ ಎಲ್ಲರ ತಲೆಯೂ ಅಲ್ಲಾಡುತ್ತಿತ್ತು. ಸಂಗೀತ ತಿಳಿಯದವನಾಗಿದ್ದರೆ ಅಲ್ಲೊಂದು ಇಲ್ಲೊಂದು ಒತ್ತಿ ನಾಲ್ಕಾದರೂ ಚೊಕ್ಕ ಫೋಟೋ ತೆಗೆಯುತ್ತಿದ್ದ. ಇವರಿಗೆ ತಾಳ ಪಕ್ಕಾ ಗೊತ್ತಿದ್ದುದರಿಂದ ಒಂದೂ ಗುರಿ ತಪ್ಪದೆ ಕೆಡುತ್ತಿತ್ತು.

ನನಗೆ ನಗು ತಡೆಯಲಿಲ್ಲ. "ಹಂಗಾದ್ರ ಎಲ್ಲಾದಕ್ಕೂ ತಡಾ ಮಾಡ್ರಿ. ಸಮ್ ದಾಟಿದ ಮ್ಯಾಲೆ ಒತ್ತರಿ" ಎಂದೆ.

ಮಾವನವರು ನಗಲಿಲ್ಲ. ಎಲ್ಲರೂ ತಲೆದೂಗಿ ಮುಗಿಸಿದ ಮೇಲೆ ಒಬ್ಬನೇ ತಲೆದೂಗುವವನನ್ನು ಏನೆನ್ನುತ್ತಾರೆ ಗೊತ್ತೇನು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹೆಡ್ಡ ಎನ್ನುತ್ತಾರೆ ಎಂದು ಎದ್ದು ಹೋದರು. ಎರಡು ದಿನ ನನ್ನೊಡನೆ ಮಾತಿಲ್ಲ. ರೊಟ್ಟಿ ಬೇಕಾದರೆ ಅತ್ತೆಯ ಕಡೆ ನೋಡಿ ಕೇಳುವರು, ನಾನು ಬಡಿಸಿದರೆ ತಾಟಿನ ಕಡೆ ನೋಡುವರು. ಸೊಸೆ ಏನು ಹೇಳಬಾರದೋ ಅದನ್ನೇ ಹೇಳಿದೆನೇನೋ ಎಂದು ನನಗೂ ಪೇಚಾಯಿತು. ಆದರೆ ಹೇಳಿದ್ದು ಸುಳ್ಳು ಎಂದು ಮಾತ್ರ ಅನಿಸಲಿಲ್ಲ.

ಮೂರನೆಯ ಬೆಳಿಗ್ಗೆ ರೇಡಿಯೋದಲ್ಲಿ ಯಾರೋ ಹಾಡುತ್ತಿದ್ದರು. ಪಡಸಾಲೆಗೆ ಬಂದು ನೋಡಿದರೆ ಮಾವನವರು ರೇಡಿಯೋದ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ, ಕೈಯಲ್ಲಿ ಫಿಲ್ಮಿಲ್ಲದ ಕ್ಯಾಮೆರಾ. ರೇಡಿಯೋದ ಫೋಟೋ ತೆಗೆಯುತ್ತಿದ್ದಾರೆ! ಅತ್ತೆ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ಮುಗೀತು, ತಲಿ ಕೆಟ್ಟಿತು ಎಂದು ಸನ್ನೆ ಮಾಡಿದರು. ಸಮ್ ಬರುತ್ತದೆ, ಕ್ಯಾಮೆರಾ ಕಟ್ ಎನ್ನುತ್ತದೆ, ಮಾವನವರು ಛೇ ಎನ್ನುತ್ತಾರೆ. ಮತ್ತೆ ಸಮ್, ಮತ್ತೆ ಕಟ್, ಮತ್ತೆ ಛೇ. ಬೆರಳು ಅವರ ಮಾತು ಕೇಳುತ್ತಿರಲಿಲ್ಲ. ಅಷ್ಟು ವರ್ಷದ ರೂಢಿ, ಸಮ್ ಬಂದರೆ ಒತ್ತಿಯೇ ಒತ್ತುತ್ತಿತ್ತು. ಹೀಗೆ ಒಂದು ವಾರ ನಡೆಯಿತು. ರೇಡಿಯೋದವರು ಅಷ್ಟೊಂದು ಫೋಟೋ ತೆಗೆಸಿಕೊಂಡದ್ದು ಅವರಿಗೇ ಗೊತ್ತಿಲ್ಲ.

ದಾರಿ ಹೊಳೆದದ್ದು ಅವರಿಗೇ. ಬೈಠಕ್ಕಿನಲ್ಲಿ ಕೂತು ಕೇಳುವವರು ತೊಡೆಯ ಮೇಲೆ ಅಂಗೈ ತಟ್ಟಿ ತಾಳ ಎಣಿಸುತ್ತಾರೆ, ಸಮ್ಮಿಗೆ ಸರಿಯಾಗಿ ಅಂಗೈ ತೊಡೆಯ ಮೇಲೆ ಬೀಳುತ್ತದೆ. ಮಾವನವರು ಕ್ಯಾಮೆರಾವನ್ನು ಎಡಗೈಯಲ್ಲಿ ಹಿಡಿದು ಬಲಗೈಯನ್ನು ತೊಡೆಯ ಮೇಲಿಟ್ಟರು. ಸಮ್ ಬಂದಾಗ ಅಂಗೈ ತೊಡೆಗೆ ಬಿತ್ತು. ಅಲ್ಲಿಂದ ಕೈ ಎತ್ತಿ ಬಟನ್ನಿಗೆ ಒಯ್ಯುವುದರೊಳಗೆ ಸಮ್ ತಾನಾಗಿಯೇ ದಾಟಿ ಹೋಯಿತು. ತಲೆಗಳು ಏಳುವ ಹೊತ್ತು, ಹಾಡುವವರು ಮುಂದಿನ ಉಸಿರು ಎಳೆದುಕೊಳ್ಳುವ ಹೊತ್ತು, ಯಾರೂ ಅಲ್ಲಾಡದ ಹೊತ್ತು. ಕಟ್ ಎಂದಿತು. ಮಾವನವರು ನನ್ನ ಕಡೆ ತಿರುಗಿ, ಒಂದು ಕಪ್ಪು ಚಹಾ ಕೊಡವ್ವಾ ಎಂದರು. ರಾಜಿಯಾಯಿತು ಎಂದು ನಾನು ತಿಳಿದುಕೊಂಡೆ.

ಭಾನುವಾರ ಬಂತು. ಬೆಳಿಗ್ಗೆ ಮಾವನವರು ಬಿಳಿ ಅಂಗಿ ತೊಟ್ಟು, ದೇವರಿಗೆ ಕೈಮುಗಿದು ಹೋದರು. ನಾನು ನೆಲ ಸಾರಿಸಿ, ಸೀರೆ ಒದ್ದೆ ಮಾಡಿ, ಮೂರೂ ತಟ್ಟೆ ತುಂಬಿಸಿ ಕಾದೆ. ಬಿಸಿಲೇರಿದ ಮೇಲೆ ನನ್ನ ಗಂಡ ಸೈಕಲ್ಲು ತುಳಿಯುತ್ತ ಬಂದು ಜೇಬಿನಿಂದ ರೋಲು ತೆಗೆದುಕೊಟ್ಟರು. ಒಂದೇ ರೋಲು. ಹಿಂದೆಲ್ಲ ಒಂದು ಬೈಠಕ್ಕಿಗೆ ಜೇಬು ತುಂಬ ರೋಲುಗಳಿರುತ್ತಿದ್ದವು. ಉಳಿದದ್ದೆಲ್ಲಿ ಎಂದು ಕೇಳಿದೆ. ಇಷ್ಟೇ, ಅಪ್ಪ ಕಣ್ಣು ಮುಚ್ಚಿಕೊಂಡು ಕೂತುಬಿಟ್ಟಿದ್ದಾನೆ ಎಂದರು. ಕೊನೆಗೆ ಬೇಜಾರಾಗಿ ಕೈಬಿಟ್ಟರೇನೋ, ನನ್ನ ಮಾತು ಕೇಳಿ ಇದ್ದದ್ದೂ ಹೋಯಿತೇನೋ ಎಂದುಕೊಳ್ಳುತ್ತಲೇ ಕತ್ತಲಲ್ಲಿ ಫಿಲ್ಮು ಸುತ್ತಿದೆ.

ತೊಳೆದು ತೆಗೆದು ಬೆಳಕಿಗೆ ಹಿಡಿದೆ. ಅರ್ಧ ಪಟ್ಟಿ ಖಾಲಿಯೇ ಇತ್ತು. ಉಳಿದ ಅರ್ಧದಲ್ಲಿ ಮುಖ ಇತ್ತು, ಕಣ್ಣಿತ್ತು, ಮೂಗಿನ ಮುತ್ತೂ ಇತ್ತು. ಪಕ್ಕದ ಚೌಕದಲ್ಲೂ ಮುಖ, ಅದರ ಪಕ್ಕದಲ್ಲೂ ಮುಖ. ಹೊಗೆಯ ಸುಳಿವೇ ಇಲ್ಲ. ನಾನು ಅತ್ತೆಯನ್ನು ಕೂಗಿ ಕರೆದು ತೋರಿಸಿದೆ. ನೆಗೆಟಿವ್‌ನಲ್ಲಿ ಬೆಳಕೆಲ್ಲ ಕಪ್ಪಾಗಿ ಕಾಣುತ್ತದಲ್ಲ, ಅತ್ತೆ ಬಗ್ಗಿ ನೋಡಿ, "ಅಗದಿ ಕರ್ರಗ ಅದಾರಲ್ಲಬೇ ಬಾಯಾರು" ಎಂದರು. ಅಳಬೇಕಾದ ಹೊತ್ತಿನಲ್ಲಿ ನಕ್ಕು ನಕ್ಕು ಕೂತುಬಿಟ್ಟೆ.

ಬೈಠಕ್ಕು ಮುಗಿಸಿ ಮಾವನವರು ಮನೆಗೆ ಬರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಕರೆಂಟಿಲ್ಲದೆ ದೊಡ್ಡ ಫೋಟೋ ಮಾಡುವ ಯಂತ್ರದ ದೀಪ ಹತ್ತುವುದಿಲ್ಲ. ನಾಲ್ಕೂ ಜನ ಪಡಸಾಲೆಯಲ್ಲಿ ಕೂತೆವು. ಊಟ ಯಾರಿಗೂ ಸೇರಲಿಲ್ಲ. ಮಾವನವರು ಒಣಗಿದ ಪಟ್ಟಿಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ಇನ್ನು ಗುನುಗಲು ಸುರು ಮಾಡುತ್ತಾರೆ, ಮುಂದಿನ ಭಾನುವಾರದವರೆಗೆ ನಮ್ಮ ಗತಿ ಇಷ್ಟೇ ಎಂದುಕೊಂಡೆ. ಅವರು ಪಟ್ಟಿಯ ಮೇಲೆ ಒಂದು ಸಲ ಕಣ್ಣು ಹಾಯಿಸಿ ಒಂದು ಚೌಕದ ಮೇಲೆ ಉಗುರಿಟ್ಟು, "ಇದ" ಎಂದರು. ಅಷ್ಟೇ. ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. ಇನ್ನೊಮ್ಮೆ ನೋಡುವುದಿಲ್ಲವೇ ಎಂದು ನಾನೇ ಕೇಳಬೇಕಾಯಿತು. ಬೇಕಾಗಿಲ್ಲ ಎಂದರು.

ಆಮೇಲೆ ಕರೆಂಟಿನ ದಾರಿ ಕಾಯುವುದು. ಅತ್ತೆ ವಿದ್ಯುತ್ತಿನವರ ವಂಶವನ್ನೆಲ್ಲ ನೆನೆಸಿದರು. ಮಾವನವರು ಕಣ್ಣುಮುಚ್ಚಿ ಗೋಡೆಗೆ ಒರಗಿದ್ದರು. ಮೊದಲೇ ಹೇಳಿಟ್ಟಿದ್ದ ಟಾಂಗಾದವನು ಬಂದು ಬಾಗಿಲಲ್ಲಿ ನಿಂತು, ಗಾಡಿಯ ಹೊತ್ತಾಯಿತು, ಬರುವವರು ಬನ್ನಿ ಎಂದು ಕೂಗುವ ಹೊತ್ತಿಗೆ ಒಳಗೆ ಕೆಂಪು ಬಲ್ಬು ಹತ್ತಿತು. ಮಾವನವರೂ ನಾನೂ ಒಳಗೆ ಓಡಿದೆವು. ಹಳೆಯ ಪದ್ಧತಿಯಾಗಿದ್ದರೆ ಆ ಹೊತ್ತಿನಲ್ಲಿ ಏನೂ ಆಗುತ್ತಿರಲಿಲ್ಲ. ಆರಿಸಿ ಆಗಿತ್ತು, ತಿದ್ದುವುದಿರಲಿಲ್ಲ, ಧೂಳಿನ ಚುಕ್ಕೆ ಇರಲಿಲ್ಲ. ಒಂದೇ ಒಂದು ಕಾಗದ. ಬೆಳಕು ಬಿಟ್ಟೆವು, ಮೊದಲ ತಟ್ಟೆಗೆ ಹಾಕಿ ಅಲ್ಲಾಡಿಸಿದೆವು. ಬಿಳಿ ಕಾಗದದ ಮೇಲೆ ಸಾವಕಾಶ ಬಾಯಾರು ಎದ್ದು ಬಂದರು. ಎಷ್ಟೋ ಸಲ ನೋಡಿದ್ದೆ ಈ ಏಳುವುದನ್ನು, ಆ ದಿನದಷ್ಟು ಖುಷಿ ಎಂದೂ ಆಗಿರಲಿಲ್ಲ. ಬರಿ ಮೇಲೆ ಮೇಲೆ ತೊಳೆದು, ಆಮೇಲೆ ಇನ್ನೊಂದನ್ನು ಸರಿಯಾಗಿ ತೊಳೆದು ಪೋಸ್ಟಿನಲ್ಲಿ ಕಳಿಸಿದರಾಯಿತು ಎಂದು ಮಾವನವರು ಒದ್ದೆ ಫೋಟೋವನ್ನು ಗಾಜಿನ ಮೇಲೆ ಅಂಟಿಸಿಕೊಂಡು ಹೊರಗೆ ಬಂದರು. ಹಿಂದೆ ನಾನು ಅತ್ತೆಯ ಒಗೆದ ಟವೆಲ್ಲು ಹಿಡಿದು ಓಡಿದೆ.

ಟಾಂಗಾದಲ್ಲಿ ಮಾವನವರು ಆ ಗಾಜನ್ನು ಎರಡೂ ಕೈಯಲ್ಲಿ ಹಿಡಿದು, ದೇವರ ಪ್ರಸಾದ ಒಯ್ಯುವವರಂತೆ ಕೂತಿದ್ದರು. ಹಾದಿಯ ಧೂಳು ಬೀಳದಂತೆ ನಾನು ಟವೆಲ್ಲನ್ನು ಮೇಲೆ ಚಪ್ಪರದ ಹಾಗೆ ಹಿಡಿದಿದ್ದೆ. ಬಜಾರಿನವರೆಲ್ಲ ಎದ್ದು ನಿಂತು ನೋಡಿದರು. ಸ್ಟೇಷನ್ನಿನಲ್ಲಿ ಗಾಡಿ ಇನ್ನೂ ಬಂದಿರಲಿಲ್ಲ. ಬೇವಿನ ಗಿಡದ ಕೆಳಗೆ ಗವಸು ಹಾಕಿದ ತಂಬೂರಿಗಳು, ಒಂದು ಟ್ರಂಕು, ಟ್ರಂಕಿನ ಮೇಲೆ ಬಾಯಾರು ಕೂತಿದ್ದರು. ಗುರುಸಿದ್ದಪ್ಪನವರು ಮಂಡಳಿಯ ನಾಲ್ಕು ಹುಡುಗರೊಡನೆ ಕಳಿಸಿಕೊಡಲು ಬಂದು ನಿಂತಿದ್ದರು. ನಮ್ಮನ್ನು ನೋಡಿ ಅವರ ಹುಬ್ಬು ಮೇಲೇರಿತು.

ಮಾವನವರು ಗಾಜನ್ನು ಹಾಗೆಯೇ ಮುಂದೆ ಹಿಡಿದರು. ಬಾಯಾರು ಚಾಳೀಸು ಕಣ್ಣಿಗೇರಿಸಿ ಬಗ್ಗಿ ನೋಡಿದರು. ಫೋಟೋದಲ್ಲಿ ಅವರ ಬಾಯಿ ಮುಚ್ಚಿತ್ತು. ಬಲಗೈ ಇನ್ನೂ ಅರ್ಧ ಮೇಲಿತ್ತು, ತಬಲಾದವನ ಕಡೆ ತಿರುಗಿ, ಬಂದೆವಲ್ಲಪ್ಪಾ ಇಬ್ಬರೂ ಎನ್ನುವ ಹಾಗೆ ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಗು. ಗಾಡಿ ದೂರದಲ್ಲಿ ಕೂಗಿದರೂ ಅವರು ತಲೆ ಎತ್ತಲಿಲ್ಲ.

"ಎಲ್ಲಾರೂ ನಾ ಬಾಯಿ ತಗದದ್ದನ್ನ ತಗೀತಾರ್ರಿ" ಎಂದರು ಕೊನೆಗೆ. "ಮನ್ಯಾಗ ಒಂದ ಪೆಟಗಿ ತುಂಬ ಅದಾವು, ಎಲ್ಲಾದರಾಗೂ ಹಲ್ಲನೋವು ಬಂದಾಕಿ ಹಂಗ ಕಾಣ್ತೀನಿ. ಸುರ ಹತ್ತಿದ ಮ್ಯಾಲೆ ನನ್ನ ಮುಖ ಹ್ಯಾಂಗ ಇರತೈತಿ, ಇವತ್ತ ನೋಡಿದೆ."

ಗುರುಸಿದ್ದಪ್ಪನವರು ಇಣುಕಿ ನೋಡಿ, ಹಿಂದಿದ್ದ ಹುಡುಗರಿಗೂ ಬಂದು ನೋಡಿರಿ ಎಂದು ಕರೆದರು. ಅವರು ಒಬ್ಬರ ಹೆಗಲ ಮೇಲಿಂದ ಒಬ್ಬರು ಬಗ್ಗಿ ನೋಡಿದರು. ಬಾಯಾರು ತಮ್ಮ ರೇಷ್ಮೆ ಶಾಲು ಹರಡಿ ಅದರ ಮೇಲೆ ಫೋಟೋ ಆರಹಾಕಿಕೊಂಡು ಗಾಡಿ ಹತ್ತಿದರು. ಗಾಡಿ ಹೋದ ಮೇಲೆ ಗುರುಸಿದ್ದಪ್ಪನವರು ಮಾವನವರ ಹೆಗಲ ಮೇಲೆ ಕೈಯಿಟ್ಟು, ಮುಂದಿನ ಬೈಠಕ್ಕಿಗೆ ಸ್ವಲ್ಪ ಮೊದಲೇ ಬಂದು ಕಂಬ ಹಿಡಿಯಿರಿ, ಜನ ಬಹಳ ಸೇರುತ್ತಾರೆ ಎಂದರು. ನನಗೆ ಅಲ್ಲೇ ಪ್ಲಾಟ್‌ಫಾರ್ಮಿನ ಮೇಲೆ ಕುಣಿಯಬೇಕು ಅನಿಸಿತು. ಸೊಸೆಯಾದ್ದರಿಂದ ಸೆರಗು ಸರಿಮಾಡಿಕೊಂಡೆ.

ವಾಪಸು ಬರುವಾಗ ಟಾಂಗಾದಲ್ಲಿ ಮಾವನವರು ಖಾಲಿ ಗಾಜನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಜಾಗ ಉಳಿದ ಖುಷಿ ಮುಖದಲ್ಲಿ ಕಾಣಲಿಲ್ಲ. ನನಗೆ ಸ್ವಲ್ಪ ಸಿಟ್ಟೇ ಬಂತು. ಇಷ್ಟೆಲ್ಲ ಒದ್ದಾಡಿದ್ದಕ್ಕೆ ಒಂದು ಮಾತಾದರೂ ಬೇಡವೇ? ಯಾಕೆ, ಸಮಾಧಾನವಾಗಲಿಲ್ಲವೇ, ಒಂದೇ ರೋಲು ಕಳಿಸಿ ನನ್ನ ಜೀವ ಬಾಯಿಗೆ ತಂದಿರಿ ಎಂದೆ. ಅವರು ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

"ಇಷ್ಟ ವರ್ಷ ಸಮ್ ಬಂದಾಗೆಲ್ಲಾ ನಾ ಬಟನ್ ಒತ್ತತಿದ್ನೆವ್ವಾ. ಕಿವಿ ಅಲ್ಲಿರತಿತ್ತು, ಜೀವ ಬೆರಳಿನಾಗ ಇರತಿತ್ತು. ಇವತ್ತ ಕೈ ತೊಡಿ ಮ್ಯಾಲಿತ್ತು ನೋಡು. ಆ ಕಂಬದ ಬುಡಕ ಕೂತು ಇವತ್ತ ಮೊದಲನೇ ಸಲ ಸಮ್ ಕೇಳಿದೆ."

ಅರ್ಧ ರೋಲು ಯಾಕೆ ಖಾಲಿ ಉಳಿದಿತ್ತು ಎಂದು ನನಗೆ ಆಗ ತಿಳಿಯಿತು.

ಆಮೇಲೆ ಬಹಳ ವರ್ಷ ಅವರು ಅಲ್ಲೇ ಕೂತರು. ಫೋಟೋಗಳು ವರ್ಷ ವರ್ಷ ಕಡಿಮೆಯಾಗುತ್ತ ಬಂದವು, ಕಡಿಮೆಯಾದಷ್ಟೂ ಚೆನ್ನಾಗಿ ಬಂದವು. ಕೊನೆಕೊನೆಗೆ ಕಣ್ಣಿಗೆ ಪೊರೆ ಬಂದು ಕ್ಯಾಮೆರಾ ಗೂಟಕ್ಕೆ ತೂಗಹಾಕಿದರು. ಆ ವರ್ಷದ ಬೈಠಕ್ಕಿಗೆ ಹೋಗಿ, ಮರ್ಯಾದೆಗೆ ಹಿಂದೆ ಚಪ್ಪಲಿಯ ಹತ್ತಿರ ಕೂತರಂತೆ. ಗುರುಸಿದ್ದಪ್ಪನವರು ಎದ್ದು ಬಂದು, ಕೈಹಿಡಿದು ನಡೆಸಿಕೊಂಡು ಹೋಗಿ ಕಂಬದ ಬುಡದಲ್ಲಿ ಕೂರಿಸಿದರು. ಕ್ಯಾಮೆರಾ ಇಲ್ಲದೆ ಅಲ್ಲಿ ಕೂತವರು ಅವರೊಬ್ಬರೇ. ಅಷ್ಟು ಹೊತ್ತಿಗೆ ಹುಬ್ಬಳ್ಳಿಯವನೂ ಬರುತ್ತಿದ್ದ. ಅವನು ಇವರ ಬಾಜೂ ಕೂತು, ಇವರ ಅಂಗೈ ತೊಡೆಯಿಂದ ಏಳುವುದನ್ನು ನೋಡಿಕೊಂಡು ಬಟನ್ ಒತ್ತುತ್ತಿದ್ದ.

ಮಾವನವರು ಹೋಗಿ ಈಗ ಬಹಳ ಕಾಲವಾಯಿತು. ವಿನೆಗರಿನ ಕತೆಯಾದ ಮೇಲೆ ಮಗಳೇ ಹಟ ಹಿಡಿದು, ನಡಿ ಒಂದು ಬೈಠಕ್ಕಿಗೆ ಹೋಗೂಣು ಎಂದು ನಿನ್ನೆ ಬೆಳಿಗ್ಗೆ ನನ್ನನ್ನು ಕುಂದಗೋಳಕ್ಕೆ ಕರೆದುಕೊಂಡು ಹೋದಳು. ನಾನು ಅಲ್ಲಿ ಕೂತು ಕೇಳಿದ್ದೇ ಕಡಿಮೆ, ಆ ಕಾಲದಲ್ಲಿ ನಾನೆಲ್ಲಿ, ಕತ್ತಲೆ ಕೋಣೆಯಲ್ಲಿ ಇರುತ್ತಿದ್ದೆ. ಮೊದಮೊದಲು ಯಾರು ಬಂದಿದ್ದಾರೆ, ಯಾರ ಸೀರೆ ಹೇಗಿದೆ ಎಂದೇ ನೋಡುತ್ತಿದ್ದೆ. ಹಾಡು ಏರಿತು, ಇಳಿಯಿತು, ಎಲ್ಲೆಲ್ಲೋ ಹೋಯಿತು. ಒಮ್ಮೆಲೇ ನೋಡುತ್ತೇನೆ, ನನ್ನ ಅಂಗೈ ನನ್ನ ತೊಡೆಯ ಮೇಲೆ ಬಿತ್ತು, ಅದೇ ಗಳಿಗೆಗೆ ಇಡೀ ಸಭೆ ತಲೆದೂಗಿತು. ಮುಂದಿನ ಸುತ್ತಿಗೂ ಹಾಗೇ, ಅದರ ಮುಂದಿನದಕ್ಕೂ. ನಾನು ಎಣಿಸುತ್ತಿರಲಿಲ್ಲ, ಕೈ ತಾನೇ ಬೀಳುತ್ತಿತ್ತು. ಪಡಸಾಲೆಯಲ್ಲಿ ರೇಡಿಯೋದ ಮುಂದೆ ಮಾವನವರ ಅಂಗೈ ಬೀಳುತ್ತಿದ್ದ ಹಾಗೆಯೇ.

ಬಾಜೂ ಕೂತ ಹೆಣ್ಣುಮಗಳು ನನ್ನ ಕೈಯನ್ನೇ ನೋಡುತ್ತಿದ್ದವಳು, ಹಾಡು ಮುಗಿದ ಮೇಲೆ ಯಾರ ಹತ್ರ ಕಲಿತೀರಿ ಎಂದು ಕೇಳಿದಳು. ನಮ್ಮ ಮಾವನವರ ಹತ್ರ ಎಂದೆ. ಹಾಡತಿದ್ರೇನ್ರಿ ಎಂದಳು.

"ಇಲ್ರಿ," ಎಂದೆ. "ಫೋಟೋ ತಗೀತಿದ್ರು."